ಹೋರಿಯ ಹತ್ತು ಪದಗಳು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರ ಮೇಲೆ ಸಿಟ್ಟು ತೀರಿಸಿಕೊಂಡಂತೆ ಕಾಣುತ್ತದೆ. ಬೇರೆಯವರ ಮೇಲೂ ಸಿಟ್ಟಿದೆ, ಆ ಮಾತು ಬೇರೆ.

ಇಪ್ಪತ್ತರೊಳಗಿನ ಹುಡುಗರ ರಗ್ಬಿ ಟೂರ್ನಿ, ಹನ್ನೆರಡು ದೇಶಗಳ ತಂಡಗಳು. ನಮ್ಮ ದೇಶದ ತಂಡದಲ್ಲಿ ನನ್ನ ತಮ್ಮ. ನುಗ್ಗುವ ರಭಸ ನೋಡಿ ಎಲ್ಲರೂ ಅವನಿಗೆ ಹೋರಿ ಎಂದು ಹೆಸರಿಟ್ಟಿದ್ದರು. ನಾನು ಅದೇ ತಂಡದ ಬಟ್ಟೆ ಒಗೆಯುವವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ದೇಶಸೇವೆ ಎಂದರೆ ಕ್ರೀಡಾಂಗಣದ ನೆಲಮಾಳಿಗೆ, ಮೂರು ವಾಷಿಂಗ್ ಮಷಿನ್, ಕೆಸರು ಮೆತ್ತಿದ ಇಪ್ಪತ್ಮೂರು ಜೆರ್ಸಿ.

ಎರಡನೇ ಪಂದ್ಯದಲ್ಲಿ ಹೋರಿ ಒಬ್ಬನನ್ನು ತಡೆದು ಕೆಡವಲು ಹೋಗಿ ಅವನ ಮೊಣಕಾಲಿಗೆ ತಲೆ ಕೊಟ್ಟ. ಎದ್ದವನು ನೇರ ಎದುರಾಳಿಗಳ ಸಾಲಿಗೆ ಹೋಗಿ ನಿಂತ. ಒಂದೇ ಕ್ಷಣ, ಆಮೇಲೆ ವಾಪಸ್ ಬಂದ. ನೋಡಿದ್ದು ನಾನೊಬ್ಬನೇ. ಬಾಯಿ ಬಿಡಲಿಲ್ಲ.

ತಲೆಗೆ ಪೆಟ್ಟು ಬಿದ್ದವನಿಗೆ ಪರೀಕ್ಷೆಯೊಂದಿದೆ. ತಂಡದ ಡಾಕ್ಟರಮ್ಮ ಹತ್ತು ಪದ ಓದುತ್ತಾರೆ, ಹುಡುಗ ತಿರುಗಿ ಹೇಳಬೇಕು. ತಪ್ಪಿದರೆ ಗಂಟುಮೂಟೆ ಕಟ್ಟಬೇಕು. ಒಗೆಯಲು ಬಂದ ಅವರ ಕೋಟಿನ ಜೇಬಿನಲ್ಲೇ ಆ ಪದಗಳ ಚೀಟಿ ಇತ್ತು. ಸರಿಯಾಗಿ ಮಗ್ಗಿ ಬಾರದ ನಾನು ಮೇಷ್ಟ್ರಾದೆ. ರಾಗ ಹಾಕಿ ಬಾಯಿಪಾಠ ಮಾಡಿಸಿದೆ: ಏಣಿ, ಉಪ್ಪು, ಕುದುರೆ, ಬಾಗಿಲು... ಮರುದಿನ ಹತ್ತಕ್ಕೆ ಹತ್ತು.

ಮೂರನೇ ಪಂದ್ಯದ ಮಧ್ಯಾಹ್ನ ಹೋರಿ ಜೆರ್ಸಿ ತಗೊಳ್ಳಲು ಕೆಳಗೆ ಬಂದ. ಬಾಗಿಲಲ್ಲೇ ಕಿವಿ ಮುಚ್ಚಿಕೊಂಡ.

"ಅಣ್ಣ, ಆ ಮಷಿನ್ ನಿಲ್ಸೋ. ಒಳಗೆ ಯಾರೋ ಬಡೀತಿದಾರೆ."

ಮಷಿನ್‌ಗಳು ಬೆಳಿಗ್ಗೆಯಿಂದ ನಿಂತೇ ಇದ್ದವು. ಮೂರೂ ಖಾಲಿ.

ಅವನನ್ನು ಎಳೆದುಕೊಂಡು ಮೇಲೆ, ತಂಡ ಸಜ್ಜಾಗುತ್ತಿದ್ದ ಕೋಣೆಗೆ ಓಡಿದೆ. ಡಾಕ್ಟರಮ್ಮನ ಮುಂದೆ ಚೀಟಿಯ ವಿಷಯ ಕಕ್ಕಿದೆ.

"ಅರ್ಧ ಗಂಟೇಲಿ ಆಟ, ಈಗ ಜ್ಞಾನೋದಯ ಆಯ್ತಾ ಮಹಾರಾಯ?" ಎಂದ ಕೋಚ್.

ಹೋರಿ ನಕ್ಕ. "ಸರ್, ಇವನಿಗೆ ಹೊಟ್ಟೆಕಿಚ್ಚು. ಆಡೋ ಆಸೆ ಇತ್ತು, ಕೊನೆಗೆ ನನ್ನ ಚಡ್ಡಿ ಒಗೆಯೋ ಹಾಗಾಯ್ತು."

ಹುಡುಗರೆಲ್ಲ ಹೋ ಎಂದರು. ನನಗೆ ಮೈಯೆಲ್ಲ ಉರಿಯಿತು. ಅರ್ಧ ನಿಜವಾದ್ದರಿಂದ ಇನ್ನೂ ಉರಿಯಿತು.

"ಹೊಟ್ಟೆಕಿಚ್ಚೇ ಅಂದ್ಕೊಳಿ. ಬೇರೆ ಹತ್ತು ಪದ ಕೇಳಿ ಇವನ್ನ."

ಡಾಕ್ಟರಮ್ಮ ಹೊಸ ಚೀಟಿ ತೆಗೆದು ನಿಧಾನವಾಗಿ ಓದಿದರು. ಹೋರಿ ಕಣ್ಣು ಮುಚ್ಚಿ, ನಾನು ಹಾಕಿಕೊಟ್ಟ ರಾಗದಲ್ಲೇ ಶುರು ಮಾಡಿದ: "ಏಣಿ, ಉಪ್ಪು, ಕುದುರೆ..." ಹತ್ತೂ ಮುಗಿಸಿ, ಶಭಾಷ್ ಅನ್ನಲಿ ಎಂದು ಎಲ್ಲರ ಮುಖ ನೋಡಿದ.

ಡಾಕ್ಟರಮ್ಮ ಚೀಟಿ ಮಡಚಿದರು. ಕೋಚ್ ಮಾತ್ರ, "ಇನ್ನೊಂದ್ಸಲ ಓದಿ ನೋಡಿದ್ರೆ?" ಎಂದ. ಆ ಮನುಷ್ಯನ ಕೆನ್ನೆಗೆ ಬಾರಿಸದೆ ಹೇಗೆ ನಿಂತೆನೋ ಗೊತ್ತಿಲ್ಲ.

"ಇವನು ಆಡೋ ಹಾಗಿಲ್ಲ," ಎಂದರು ಡಾಕ್ಟರಮ್ಮ. "ಆಂಬುಲೆನ್ಸ್ ಕರೀರಿ."

ಅದು ಬರುವವರೆಗೆ ಮೈದಾನಕ್ಕೆ ಹೋಗುವ ದಾರಿಯ ಬೆಂಚಿನಲ್ಲಿ ಇಬ್ಬರೂ ಕೂತೆವು. ಅವನ ಜಾಗದಲ್ಲಿ ಬೇರೆ ಹುಡುಗ ಇಳಿದ. ಸೀಟಿ ಕೇಳಿತು, ಜನ ಕೂಗಿದರು.

"ಅದೋ ನೋಡು, ನಾನು," ಎಂದ ಹೋರಿ.

"ಎಲ್ಲೋ?"

"ಮಧ್ಯದಲ್ಲಿ. ಬಿದ್ದಿದೀನಿ. ಎಲ್ಲ ದಾಟ್ಕೊಂಡು ಓಡ್ತಿದಾರೆ, ಒಬ್ನೂ ತಿರುಗಿ ನೋಡ್ತಿಲ್ವಲ್ಲ ಅಣ್ಣ."

ಚೆಂಡು ಆ ಮೂಲೆಯಲ್ಲಿತ್ತು. ನಡುವೆ ಬರೀ ಹುಲ್ಲು. ಆದರೆ ಓಡಿಬಂದ ಹುಡುಗರು ಅಲ್ಲಿಗೆ ಬಂದಾಗ ಏನನ್ನೋ ದಾಟುವ ಹಾಗೆ ಕಾಲು ಎತ್ತಿ ಹಾಕುತ್ತಿದ್ದರು, ಒಬ್ಬರಲ್ಲ, ಎಲ್ಲರೂ.

"ಏಳ್ಸಬೇಕು, ಬಿಡೋ," ಎಂದು ಅವನು ಮೈದಾನದ ಕಡೆ ಜಗ್ಗಿದ.

"ಬೇಡ ಕಣೋ. ಅವನು ಮಲಗಿರ್ಲಿ."

ತಲೆ ಕೆಟ್ಟಿದ್ದರೂ ಮೈಯಲ್ಲಿ ಹೋರಿಯ ಬಲವೇ ಇತ್ತು. ಎರಡೂ ಕೈಯಿಂದ ಅವನ ಸೊಂಟ ಅಪ್ಪಿ, ಕಾಲು ನೆಲಕ್ಕೊತ್ತಿ ಕೂತೆ. ಅವನು ಬೆನ್ನಿಗೆ ಗುದ್ದಿದ, ಬೈದ, ಅತ್ತ. ನಾನು ಬಿಡಲಿಲ್ಲ.