ಬಾಲದ ಮೇಲಿನ ನಂಬರು

ಗುಜರಿಗೆ ಬಂದ ಮಿಲಿಟರಿ ವಿಮಾನಕ್ಕೆ ಗರಗಸ ಹಚ್ಚುವ ಮೊದಲು ಕಾಕ್‌ಪಿಟ್ಟಿನೊಳಗಿನ ನಂಬರು ಒತ್ತಿದ ತಗಡಿನ ಬಿಲ್ಲೆಯನ್ನು ಬಿಚ್ಚಿ ತೆಗೆಯಬೇಕು. ನಾನು ಕೆಲಸ ಮಾಡುವ ಲೆನ್‌ನ ಗುಜರಿ ಅಂಗಳದಲ್ಲಿ ಯಾರೂ ಮುರಿಯದ ನಿಯಮ ಅದೊಂದೇ. ಬಾಲದ ಮೇಲಿನ ಬಣ್ಣದ ನಂಬರನ್ನು ಯಾರು ಬೇಕಾದರೂ ಬಳಿಯಬಹುದು. ಬಿಲ್ಲೆಯ ಮೇಲಿನದು ವಿಮಾನ ಹುಟ್ಟಿದ ದಿನವೇ ಕಾರ್ಖಾನೆಯಲ್ಲಿ ಒತ್ತಿದ್ದು.

ಹೋದ ಏಪ್ರಿಲ್‌ನಲ್ಲಿ ನಮ್ಮೂರಿನ ವಿಮಾನ ಮ್ಯೂಸಿಯಂನವರು ಹಿತ್ತಲಲ್ಲಿ ತುರಿಕೆಸೊಪ್ಪಿನ ನಡುವೆ ಬಿದ್ದಿದ್ದ ಹಳೇ ತರಬೇತಿ ಜೆಟ್ ಒಂದನ್ನು ನಮಗೆ ಮಾರಿದರು. ಕಾರು ನಿಲ್ಲಿಸಲು ಜಾಗ ಬೇಕಿತ್ತಂತೆ. ಬಾಲದ ಮೇಲೆ 432 ಎಂದಿತ್ತು. ಅದನ್ನು ಅಲ್ಲೇ ತುಂಡು ಮಾಡಿ ಸಾಗಿಸುವ ಕೆಲಸ ನನ್ನದು. ಒಳಗೆ ತೂರಿ, ಪಾಚಿ ಕೆರೆದು ಬಿಲ್ಲೆ ನೋಡಿದೆ. 417 ಎಂದಿತ್ತು.

ಲಿಂಕನ್‌ಶೈರಿನ ನಮ್ಮ ಮೂಲೆಯಲ್ಲಿ 417ರ ಹೆಸರು ಕೇಳದವರಿಲ್ಲ. 1974ರ ಸೆಪ್ಟೆಂಬರಿನಲ್ಲಿ ರಾಯ್ ಗಾರ್ಬಟ್ ಎಂಬ ತರಬೇತುದಾರ ಅದನ್ನು ಹಾರಿಸುತ್ತಿದ್ದಾಗ ಹಕ್ಕಿಯೊಂದು ಮುಂದಿನ ಗಾಜು ಒಡೆದು ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹತ್ತೊಂಬತ್ತರ ಶಿಷ್ಯ ಎಚ್ಚರ ತಪ್ಪಿದ. ರಾಯ್ ಸೀಟು ಸಮೇತ ಹೊರಕ್ಕೆ ಚಿಮ್ಮಿ ತಾನೊಬ್ಬ ಬದುಕಬಹುದಿತ್ತು. ಚಿಮ್ಮಲಿಲ್ಲ. ಉಳಿದ ಒಂದೇ ಕಣ್ಣಿನಲ್ಲಿ ವಿಮಾನ ಇಳಿಸಿದ. ಹುಡುಗ ಉಳಿದ. ರಾಯ್ ಮೂರನೇ ದಿನ ಆಸ್ಪತ್ರೆಯಲ್ಲಿ ಸತ್ತ. ವಿಮಾನಕ್ಕೆ ತೇಪೆ ಹಾಕಿ ಮತ್ತೆ ಹಾರಿಸಿದರು.

ಅವನ ಹೆಂಡತಿ ಈನಿಡ್ ಗಾರ್ಬಟ್ ಅವರಿಗೆ ಈಗ ಎಂಬತ್ತಮೂರು. ಮ್ಯೂಸಿಯಂನ ಶೆಡ್ಡಿನಲ್ಲಿ ಕೆಂಪು ಬಿಳಿ ಬಣ್ಣ ಬಳಿಸಿಕೊಂಡು ಹೊಳೆಯುವ ಇನ್ನೊಂದು ವಿಮಾನವಿದೆ. ಅದರ ಬಾಲದ ಮೇಲೂ 417. ಇಪ್ಪತ್ತಾರು ವರ್ಷದಿಂದ ಆ ತಾಯಿ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬಂದು, ರಾಯ್ ಕೂತಿದ್ದನೆಂದು ಅದರ ಬಲಗಡೆಯ ಸೀಟನ್ನು ಒರೆಸುತ್ತಾರೆ.

ನಾನು ಹದಿನೈದಕ್ಕೇ ಶಾಲೆ ಬಿಟ್ಟವನು. ಆದರೂ ಎರಡು ವಿಮಾನ ಒಂದೇ ವಿಮಾನ ಆಗಲಾರದು ಅನ್ನುವಷ್ಟು ಲೆಕ್ಕ ನನಗೆ ಬರುತ್ತದೆ. ಬಿಲ್ಲೆಯನ್ನು ಮ್ಯೂಸಿಯಂನ ಕಾರ್ಯದರ್ಶಿ ನೈಜೆಲ್ ಆಸ್ಪಿನಾಲ್‌ನ ಮೇಜಿನ ಮೇಲಿಟ್ಟೆ. ದೇಶದಲ್ಲಿ ನಿವೃತ್ತವಾದ ತರಬೇತಿ ಜೆಟ್ಟುಗಳ ನಂಬರುಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿದವನು ಅವನು. ವರ್ಷ ವರ್ಷ ಅಚ್ಚಾಗುತ್ತದೆ. ಈ ಹವ್ಯಾಸದವರಿಗೆ ಅದೇ ಬೈಬಲ್ಲು.

ಅವನು ಬಿಲ್ಲೆಯನ್ನು ಮುಟ್ಟಲೂ ಇಲ್ಲ. "ಯಾರೋ ಎಲ್ಲಿಂದಲೋ ತಂದು ಹೊಡೆದಿರ್ತಾರೆ ಬಿಡಪ್ಪ. ತೊಂಬತ್ತನೇ ಇಸವಿಯಲ್ಲಿ ಬೇಲಿ ಹತ್ರ ನಿಂತು ದುರ್ಬೀನು ಹಾಕ್ಕೊಂಡು ನೋಡಿದೀನಿ ನಾನು. ಬಾಲದ ಮೇಲೆ ನಾಲ್ಕು, ಒಂದು, ಏಳು. ಕಣ್ಣಾರೆ ಕಂಡಿದ್ದನ್ನ ನಾವು ಹೊಡೆದು ಹಾಕೋದಿಲ್ಲ."

"ಬಾಲ ನೋಡಿದೀರಿ ಸಾರ್. ಹೊಟ್ಟೆ ಒಳಗೆ ಇಳಿದು ನೋಡಿದೀರಾ?"

"ಶಾಲೆ ಎಷ್ಟನೇ ಕ್ಲಾಸಿಗೆ ಬಿಟ್ಟೆ ನೀನು?"

"ನಂಬರು ಓದೋದು ಕಲಿತ ಮೇಲೇ ಬಿಟ್ಟೆ."

"ಗರಗಸ ಹಿಡಿಯೋಕೆ ಕರೆಸಿರೋದು ನಿನ್ನ. ಅದನ್ನ ಹಿಡಿ."

ನಾನು ಹಿಡಿಯಲಿಲ್ಲ. ಕಟಿಂಗ್ ಮೆಷಿನ್ ಕೆಟ್ಟಿದೆ ಎಂದು ಲೆನ್‌ಗೆ ಹೇಳಿದೆ. "ಮೆಷಿನ್ ಕೆಟ್ಟಿಲ್ಲ, ನಿನ್ನ ತಲೆ ಕೆಟ್ಟಿದೆ ಮಗನೇ," ಅಂದ ಲೆನ್. "ಸೆಪ್ಟೆಂಬರ್ ತನಕ ಟೈಮ್ ಕೊಡ್ತೀನಿ. ಆಮೇಲೆ ಕ್ರೇನ್ ತರ್ತೀನಿ."

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ವಾಯುಪಡೆಯ ಹಳೆಯ ಮೆಕ್ಯಾನಿಕ್‌ಗಳಿಗೆ ಕಾಗದ ಬರೆದೆ. ಅರ್ಧ ಜನ ತೀರಿಹೋಗಿದ್ದರು, ಉಳಿದವರಿಗೆ ಕಿವಿ ಕೇಳದು. ಒಬ್ಬ ಮಾತ್ರ ಬರೆದ: ದೊಡ್ಡ ರಿಪೇರಿಗೆ ನಾಲ್ಕೈದು ವಿಮಾನ ಒಟ್ಟಿಗೆ ಬಂದಾಗ, ಹೊರಡಬೇಕಾದದ್ದು ಹೊರಟರೆ ಸಾಕೆಂದು ಸಿಕ್ಕ ಹಿಂಭಾಗವನ್ನು ಸಿಕ್ಕ ಮುಂಭಾಗಕ್ಕೆ ಜೋಡಿಸಿ ಕಳಿಸುತ್ತಿದ್ದೆವು, ಕಾರ್ಡು ತರಿಸಿ ನೋಡು. ಪ್ರತಿ ವಿಮಾನಕ್ಕೂ ಹುಟ್ಟಿನಿಂದ ಕೊನೆಯವರೆಗೆ ಒಂದು ಕಾರ್ಡು ಇರುತ್ತದೆ. ಎರಡು ಕಾರ್ಡುಗಳ ಪ್ರತಿ ಕೇಳಿ ದಾಖಲೆ ಕಚೇರಿಗೆ ಬರೆದೆ. ಹದಿನೇಳು ವಾರವಾದ ಮೇಲೆ ಬಂತು.

1978ರ ಅಕ್ಟೋಬರ್: 417 ಮತ್ತು 432, ಹಿಂಭಾಗ ಅದಲುಬದಲು. ಬಾಲಗಳ ಮೇಲಿನ ಹಳೇ ನಂಬರು ಮುಚ್ಚಿ, ಆಯಾ ಮುಂಭಾಗದ ನಂಬರು ಬಳಿದಿದ್ದರು. ಆಮೇಲೆ ಎರಡನ್ನೂ ಹಾರಾಟದಿಂದ ತೆಗೆದು, ಮೆಕ್ಯಾನಿಕ್ ಹುಡುಗರು ಬಿಚ್ಚಿ ಕಟ್ಟಿ ಕಲಿಯಲೆಂದು ಬಯಲಲ್ಲಿ ನಿಲ್ಲಿಸಿದರು. ಮಳೆಗೆ ಮೇಲಿನ ಬಣ್ಣ ಸುಲಿದು ಅಡಿಯ ಹಳೇ ನಂಬರು ಹೊರಬಿತ್ತು. ಆಗ ಬೇಲಿಯಾಚೆ ದುರ್ಬೀನು ಹಿಡಿದು ನಿಂತ ಮಹಾಶಯ ಅದನ್ನು ಬರೆದುಕೊಂಡ. ತಪ್ಪಾಗುವುದು ಸಹಜ. ಅದಕ್ಕೆ ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಕಾರ್ಡಿನ ಜೊತೆಯಿದ್ದ ಚೀಟಿಗೆ. ಕಚೇರಿಯ ಗುಮಾಸ್ತೆ ಸಹಾಯವಾಗಲೆಂದು ಬರೆದಿದ್ದಳು: "ಇದೇ ಪ್ರತಿಗಳನ್ನು 2003ರಲ್ಲಿ ನಿಮ್ಮೂರಿನ ಎನ್. ಆಸ್ಪಿನಾಲ್ ಅವರಿಗೂ ಕಳಿಸಿದ್ದೇವೆ. ಅವರನ್ನೂ ವಿಚಾರಿಸಬಹುದು."

ಇಪ್ಪತ್ತೊಂದು ವರ್ಷ! ಇಪ್ಪತ್ತೊಂದು ವರ್ಷ ಆ ಮನುಷ್ಯ ಪ್ರತಿ ಭಾನುವಾರ ಆ ತಾಯಿಯ ಕೈಗೆ ಬಕೆಟ್ಟು ಬಟ್ಟೆ ಕೊಟ್ಟು, "ಬನ್ನಿ ಮಿಸೆಸ್ ಗಾರ್ಬಟ್," ಎಂದು ಯಾರದೋ ವಿಮಾನ ಒರೆಸಲು ಕಳಿಸಿದ್ದಾನೆ. ಅವರ ಗಂಡನ ರಕ್ತ ಬಿದ್ದ ವಿಮಾನವನ್ನು ತುರಿಕೆಸೊಪ್ಪಿನಲ್ಲಿ ಕೊಳೆಯಲು ಬಿಟ್ಟಿದ್ದಾನೆ. ಕೊನೆಗೆ ನನ್ನ ಕೈಯಿಂದಲೇ ಅದನ್ನು ಕೊಯ್ಯಿಸಲು ಹೊರಟಿದ್ದ!

ಚೀಟಿ ಹಿಡಿದು ಹೋದೆ. ಆಸ್ಪಿನಾಲ್ ಬಾಗಿಲು ಹಾಕಿಕೊಂಡು ಬಂದು ಮೆತ್ತಗೆ ಮಾತಾಡಿದ.

"ಶನಿವಾರ ರಾಯ್ ತೀರಿಕೊಂಡ ಐವತ್ತನೇ ವರ್ಷದ ಕಾರ್ಯಕ್ರಮ. ಕಲ್ಲು ಕೆತ್ತಿಸಿದೀವಿ. ಮೇಯರ್ ಬರ್ತಾರೆ. ಆ ವಯಸ್ಸಾದೋರ ಎದೆ ಒಡೀತೀಯಾ ನೀನು? ಸಂತೋಷವಾಗಿದಾರೆ ಅವರು."

"ಅವರ ಸಂತೋಷ ಇರ್ಲಿ ಸಾರ್. ನಿಮ್ಮ ಪುಸ್ತಕದ ಮರ್ಯಾದೆ ಹೇಳಿ."

"ಮರಿ, ನಿನಗೆ ಇದೆಲ್ಲ ಅರ್ಥ ಆಗೋದಿಲ್ಲ."

ನಾನು ನೆಟ್ಟಗೆ ಈನಿಡ್ ಅವರ ಮನೆಗೆ ಹೋದೆ. ಟೀ ಕೊಟ್ಟರು. ಬಿಲ್ಲೆ, ಕಾರ್ಡು, ಚೀಟಿ ಮೂರನ್ನೂ ಮೇಜಿನ ಮೇಲೆ ಹರಡಿ ಹೇಳಿದೆ. ಕಾರ್ಡುಗಳನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಚೀಟಿಯನ್ನು ಮೂರು ಸಲ ಓದಿದರು. ಅಳಬಹುದು ಎಂದುಕೊಂಡಿದ್ದೆ.

"ಆ ಸೀಟಿನ ಕೆಳಗೆ ಅಂಟಿದ್ದ ಯಾರದೋ ಚೂಯಿಂಗ್ ಗಮ್ಮನ್ನ ಬೆಣ್ಣೆ ಚಾಕು ತಗೊಂಡು ಕೆರೆದಿದೀನಿ ಕಣೋ," ಅಂದರು. "ರಾಯ್ ಹುಡುಗಾಟದ ಮನುಷ್ಯ, ಅವನೇ ಅಂಟಿಸಿರ್ತಾನೆ ಅಂತ ನಕ್ಕಿದ್ದೆ." ಟೀ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ನನ್ನ ಗಂಡಂದು ಎಲ್ಲಿದೆ, ತೋರಿಸು."

ಶನಿವಾರ ಶೆಡ್ಡಿನಲ್ಲಿ ಮೇಯರ್, ಬ್ಯಾಂಡು, ತಟ್ಟೆ ತುಂಬ ಸಾಸೇಜ್ ರೋಲು. ಈನಿಡ್ ಅಲ್ಲಿಗೆ ಹೋಗಲೇ ಇಲ್ಲ. ರಬ್ಬರ್ ಬೂಟು ತೊಟ್ಟು ನನ್ನ ಜೊತೆ ಹಿತ್ತಲಿಗೆ ಬಂದು ಏಣಿ ಹತ್ತಿದರು. ನಾನು ಹಿಂದಿನಿಂದ ಆತುಕೊಂಡಿದ್ದೆ. ಬಲಗಡೆ ಸೀಟು ಇರಲಿಲ್ಲ, ಬರೀ ಕಬ್ಬಿಣದ ಹಳಿಗಳು. ಗಾಜಿನ ಚೌಕಟ್ಟಿನ ಎಡಮೂಲೆಯಲ್ಲಿ ಅಂಗೈಯಗಲದ ತೇಪೆ, ಸುತ್ತ ರಿವೆಟ್ಟು. ಕಾರ್ಡಿನಲ್ಲಿ 74ರ ರಿಪೇರಿ ಎಂದು ಬರೆದದ್ದು ಅದನ್ನೇ. ಅದರ ಮೇಲೆ ಕೈಯಿಟ್ಟರು. ಇಟ್ಟ ಕೈ ತೆಗೆಯಲಿಲ್ಲ.

ಈನಿಡ್ ಅವರನ್ನು ಹುಡುಕಿಕೊಂಡು ಆಸ್ಪಿನಾಲ್ ಓಡಿಬಂದ. ಹಿಂದೆ ಮೇಯರ್, ನಾಲ್ಕಾರು ಜನ. ಅಷ್ಟರಲ್ಲಿ ಲೆನ್ ಕ್ರೇನ್ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ್ದ.

"ಇದನ್ನ ಮುಟ್ಟಬೇಡಿ! ಮ್ಯೂಸಿಯಂ ಆಸ್ತಿ ಇದು!" ಎಂದು ಆಸ್ಪಿನಾಲ್ ಕೂಗಿದ.

"ಆಸ್ತಿ ಹೋಗಿ ಐದು ತಿಂಗಳಾಯ್ತು ಗುರುವೇ," ಎಂದು ಲೆನ್ ಜೇಬಿನಿಂದ ಮಾರಾಟದ ಕಾಗದ ತೆಗೆದ. "'432, ಗುಜರಿ.' ನಿನ್ನದೇ ಸಹಿ. ನಾನು ತಗೊಂಡಿದ್ದು 432. ಇದು 417 ಅಂತ ನೀನು ಬರ್ಕೊಟ್ರೆ, ನನ್ನ ಮಾಲಲ್ಲ ಅಂತ ಇಲ್ಲೇ ಬಿಟ್ಟು ಹೋಗ್ತೀನಿ. ಒಂದು ಸಾಲು ಸಾಕು."

ಎಲ್ಲರೂ ಆಸ್ಪಿನಾಲ್‌ನ ಮುಖ ನೋಡಿದರು. ಅವನು ಭಾಷಣದ ಹಾಳೆಯ ಬೆನ್ನಿಗೆ ಏನೋ ಬರೆದು ಮೇಲಕ್ಕೆ ಚಾಚಿದ. ಈನಿಡ್ ಗಟ್ಟಿಯಾಗಿ ಓದಿದರು: "ಈ ವಿಮಾನದ ಮುಂಭಾಗ 417ರದ್ದು ಆಗಿರಲೂಬಹುದು."

ಹಾಳೆಯಿಂದ ತಲೆಯೆತ್ತಿ ಕೆಳಗೆ ಅವನತ್ತ ನೋಡಿದರು.

"ರಾಯ್ ಸತ್ತಿರಲೂಬಹುದು ಅಂತ ಕಲ್ಲಿನ ಮೇಲೂ ಕೆತ್ತಿಸಿದೀಯಾ ನೈಜೆಲ್?"

ಆ ಹೊತ್ತಿಗೂ ಪೆನ್ನು ಅವನ ಕೈಯಲ್ಲೇ ಇತ್ತು. ಎರಡನೇ ಸಾಲು ಬರೆದಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಬರೆಯಲಿಲ್ಲ ಪುಣ್ಯಾತ್ಮ.

ಈನಿಡ್ ಹಾಳೆಯನ್ನು ಮಡಿಸಿ ಅವನಿಗೇ ಕೊಟ್ಟರು. ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಲಾರಿಯ ಬಳಿ ಹೋಗಿ ಲೆನ್‌ನನ್ನು ಕೇಳಿದರು: "ನಮ್ಮನೆ ಗೇಟು ಎಂಟು ಅಡಿ ಅಗಲ. ಹಿಡಿಯುತ್ತಾ?"

"ರೆಕ್ಕೆ ಬಿಚ್ಚಿದ್ರೆ ಹಿಡಿಯುತ್ತೆ."

"ಬಿಚ್ಚಪ್ಪ. ಆದರೆ ಗರಗಸ ಮುಟ್ಟಬೇಡಿ. ಬೋಲ್ಟು ಬಿಚ್ಚಿ."

ನಾನು ಸ್ಪ್ಯಾನರ್ ಎತ್ತಿಕೊಂಡೆ.