ಇರುವವರ ದುವಾ

ಧೂಳಲ್ಲ ಅದು, ಹಲ್ಲಿನ ಪುಡಿ, ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯೊಳಗೆ ಏಳುತ್ತದೆ, ತೇಲುತ್ತದೆ, ಇಳಿಯುವ ಮನಸ್ಸೇ ಇಲ್ಲ ಅದಕ್ಕೆ, ಉಜ್ಜುವ ಚಕ್ರ ಗುಂಯ್ ಎನ್ನುತ್ತಿದೆ, ನನ್ನ ಬೆರಳುಗಳ ನಡುವೆ ಅತ್ತೆಯ ಹೊಸ ಹಲ್ಲಿನ ಸೆಟ್ಟು, ಮೇಲ್ದವಡೆಯದು, ಗುಲಾಬಿ ಒಸಡು ಚಕ್ರಕ್ಕೆ ತಾಗಿ ಬೆಚ್ಚಗಾಗಿದೆ, ಜೀವ ಇರುವ ಬಾಯಿಯ ಹಾಗೆ ಬೆಚ್ಚಗೆ — ಬೇಡ, ಹಾಗೆ ಯೋಚಿಸಬೇಡ, ಕೈ ನೋಡು, ಕೆಲಸ ನೋಡು, ಎಡಗಡೆಯ ಅಂಚು ಇನ್ನೂ ಒರಟು, ಹಾಗೇ ಕೊಟ್ಟರೆ ಒಸಡು ಹುಣ್ಣಾಗುತ್ತದೆ, ರೋಜಾ ಹಿಡಿದ ಬಾಯಿ ಮೊದಲೇ ಒಣಗಿರುತ್ತದೆ, ಅದರ ಮೇಲೆ ಹುಣ್ಣು ಬೇರೆ ಯಾಕೆ. ಈ ವಾರವೆಲ್ಲ ಹೀಗೇ, ಮುದುಕರದ್ದೇ ಸಾಲು, ಸಡಿಲವಾದದ್ದು, ಬಿರುಕು ಬಿಟ್ಟದ್ದು, ಎಲ್ಲರಿಗೂ ಚಂದ್ರ ಕಾಣುವುದರೊಳಗೆ ಬೇಕು, ಲ್ಯಾಬಿನ ಯಜಮಾನರಿಗೆ ನಗು, ಉಪವಾಸದ ತಿಂಗಳಿಗೆ ಹಲ್ಲು ಯಾಕಮ್ಮಾ ಇವರಿಗೆಲ್ಲ, ನಾನೂ ನಕ್ಕೆ, ಸಾರ್, ತಿನ್ನೋಕೆ ಸಿಗೋದು ಚೂರು ಹೊತ್ತು, ಅಷ್ಟರಲ್ಲಿ ಅಗಿದು ಮುಗಿಸ್ಬೇಕಲ್ಲ — ಅದು ನಿನ್ನೆ. ನಿನ್ನೆ ನಗುವುದು ಬರುತ್ತಿತ್ತು. ಇವತ್ತು ಬೆಳಿಗ್ಗೆ ಅತ್ತೆ ಫೋನು ಮಾಡಿದಾಗಲೂ ನಗು ತಡೆದುಕೊಂಡಿದ್ದೆ, ಹಳೆಯ ಸೆಟ್ಟು ಬಚ್ಚಲಲ್ಲಿ ಬಿದ್ದು ಎರಡು ಹೋಳಾದಂದಿನಿಂದ ಅವರ ಮಾತೆಲ್ಲ ಗಾಳಿ, ಸಕಾರ ಇಲ್ಲ, ದಕಾರ ಇಲ್ಲ, ಹಲ್ಲು ಇವತ್ತೇ ಬೇಕಮ್ಮಾ, ನಾಳೆ ಅನ್ಬೇಡ, ಇವತ್ತೇ, ಆಯ್ತು ಅತ್ತೆ, ಬೆಳಗಿನ ಜಾವದ ಸಹರಿಗೆ ಮೆತ್ತಗೆ ಏನಾದರೂ ಮಾಡಿಕೊಡ್ತೀನಿ ಬಿಡಿ ಎಂದರೆ, ಊಟದ ಮಾತು ಯಾರು ಆಡಿದ್ರು ಎಂದು ಫೋನು ಇಟ್ಟೇಬಿಟ್ಟರು. ವಯಸ್ಸಾದ ಮೇಲೆ ಹಟ ಹೆಚ್ಚು ಎಂದುಕೊಂಡು ಮೇಣ ಕಾಯಿಸಲು ಕೂತೆ. ಮೇಣ ಕರಗುತ್ತಿತ್ತು. ಬಾಗಿಲಲ್ಲಿ ಖಾಕಿ.

ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ ಪೇದೆ, ನನ್ನ ತಮ್ಮನ ವಯಸ್ಸು, ಲಾಂಚ್ ಮುಳುಗಿದ ಕೇಸಿನಲ್ಲಿ ಸಿಗದೇ ಹೋದವರ ಹೆಂಡತಿ ನೀವೇನಾ, ಹೌದು, ಕೂತ್ಕೊಳ್ಳಿ ಅಮ್ಮ, ನಾನು ಕೂತೇ ಇದ್ದೆ, ಪಾಪ ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ, ಹೊಳೆಯ ಕೆಳಗಡೆ ಮರಳು ಎತ್ತುವವರಿಗೆ ಒಂದು ಸಿಕ್ಕಿದೆ, ಒಂದು ಎಂದನೇ ಹೊರತು ಏನು ಎನ್ನಲಿಲ್ಲ, ಫೋನು ಮುಂದೆ ಹಿಡಿದ, ನೋಡಿ, ಅವಸರ ಇಲ್ಲ. ದವಡೆಯ ಚೂರು. ದಿನವಿಡೀ ದವಡೆ ನೋಡುವವಳು ನಾನು, ಗಚ್ಚಿನದು, ಮೇಣದ್ದು, ಹೆದರಿಕೆ ಏನಿಲ್ಲ, ಆದರೆ ಅದರಲ್ಲಿ ಒಂದು ಹಲ್ಲಿಗೆ ಕ್ಯಾಪು, ಪಕ್ಕದವಕ್ಕಿಂತ ಒಂದು ಎಳೆ ಹೆಚ್ಚು ಬಿಳಿ, ಸಂದಿಯಲ್ಲಿ ಮರಳು. ಬಣ್ಣ ತಪ್ಪಿದ್ದು ನನ್ನಿಂದಲೇ. ಸೋಡಾ ಬಾಟಲಿಯನ್ನು ಹಲ್ಲಲ್ಲಿ ತೆಗೆಯಲು ಹೋಗಿ ಮುರಿದುಕೊಂಡು ಬಂದಿದ್ದ, ಈ ಕುರ್ಚಿಯಲ್ಲೇ ಕೂರಿಸಿ ಬಣ್ಣ ಹೋಲಿಸಿದ್ದೆ, ಮೋಡದ ದಿನ, ಬೆಳಕು ಸಾಲದು, ಕೂರಿಸಿ ಆದ ಮೇಲೆ ನೋಡಿದರೆ ಬೆಳ್ಳಗೆ ಮಿಂಚುತ್ತಿದೆ, ಬಿಚ್ಚಿ ಬೇರೆ ಮಾಡುತ್ತೇನೆ ಎಂದರೆ ಬಿಡಲಿಲ್ಲ, ಇರಲಿ ಬಿಡೇ, ಕರೆಂಟು ಹೋದಾಗ ಬಾಯಿ ತೆರೆದರೆ ಸಾಕು, ದೀಪದ ಖರ್ಚು ಉಳೀತು. ಲಾಂಚ್ ನಿಲ್ಲುವ ಇಡೀ ಕಡವಿಗೆ ಅದೇ ಹಲ್ಲು ತೋರಿಸಿಕೊಂಡು ನಗುತ್ತಿದ್ದ. ಪೇದೆ ಕಾಯುತ್ತಿದ್ದಾನೆ. ಮೇಣ ಸುಡುತ್ತಿದೆ, ವಾಸನೆ. ಹೌದು ಎಂಬ ಎರಡಕ್ಷರ ನಾಲಗೆಯ ತುದಿಯವರೆಗೆ ಬಂತು, ಅಲ್ಲಿಂದ ಮುಂದಕ್ಕೆ ಬರಲಿಲ್ಲ, ಫೋಟೋದಲ್ಲಿ ಸರಿಯಾಗಿ ಗೊತ್ತಾಗಲ್ಲ, ನಾಳೆ ಠಾಣೆಗೆ ಬಂದು ನೋಡಿ ಹೇಳಲಾ ಎಂದೆ, ಆಗಲಿ ಅಮ್ಮ, ನಾಳೆಯಿಂದ ರೋಜಾ ಅಲ್ವಾ ನಿಮಗೆ, ನಿಧಾನಕ್ಕೆ ಬನ್ನಿ, ಒಬ್ಬರೇ ಬರಬೇಡಿ. ಒಳ್ಳೆಯವನು. ಒಳ್ಳೆಯವರಿಗೆ ಸುಳ್ಳು ಹೇಳುವುದು ಎಷ್ಟು ಸಲೀಸು.

ಸುಳ್ಳು ಹೊತ್ತ ಬಾಯಿಗೆ ಹಸಿವು ಮಾತ್ರ ಮಿಕ್ಕೋದು — ಅತ್ತೆ ಹೇಳುವುದು, ಪ್ರತಿ ಸಲ, ತಿಂಗಳು ಹುಟ್ಟುವ ಮುಂಚೆ, ಹೊಟ್ಟೆ ಒಂದೇ ಅಲ್ಲಮ್ಮಾ, ಕಣ್ಣಿಗೂ ರೋಜಾ, ನಾಲಗೆಗೂ ರೋಜಾ, ಮನೆ ತೊಳೆದ ಹಾಗೆ ಎದೆ ತೊಳ್ಕೋಬೇಕು. ಮನೆ ತೊಳೆದಾಗಿದೆ. ನಮಾಜಿಗೆ ಹಾಸುವ ಜಾನಮಾಜು ಒಗೆದು ಹಗ್ಗದ ಮೇಲೆ ಹಾಕಿದ್ದೇನೆ, ಖರ್ಜೂರ ಡಬ್ಬಿಗೆ ತುಂಬಿದೆ, ಅತ್ತೆಯ ಬೀಪಿ ಮಾತ್ರೆಯನ್ನು ಬೆಳಗಿನ ಹೊತ್ತಿನಿಂದ ಸಹರಿಗೆ ಬದಲಿಸಿಕೊಟ್ಟಿದ್ದಾರೆ ಡಾಕ್ಟರು, ಎಲ್ಲ ತಯಾರಿ. ಎದೆ? ಹೇಗೆ ಹೇಳಲಿ ಅತ್ತೆಗೆ. ಹೋದ ರಂಜಾನಿನಲ್ಲಿ, ಲಾಂಚ್ ಮುಳುಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಪ್ರತಿ ಸಹರಿಗೂ ಅವನ ಪಾಲಿನದು ಮುಚ್ಚಿಟ್ಟಿರುತ್ತಿದ್ದರು, ಬಾತುಕೋಳಿ ಎಲ್ಲಾದ್ರೂ ಮುಳುಗುತ್ತಾ, ನೀನೇ ಹೇಳು — ಕಡವಿನವರು ಅವನಿಗೆ ಬಾತುಕೋಳಿ ಎಂದೇ ಕರೆಯುತ್ತಿದ್ದದ್ದು, ನೀರಿನಲ್ಲೇ ಹುಟ್ಟಿದವನ ಹಾಗೆ ಈಜುತ್ತಿದ್ದ, ಆ ಮಾತನ್ನೇ ಹಿಡಿದುಕೊಂಡು ಕೂತವರು ಅತ್ತೆ. ದೇಹ ಸಿಗದಿದ್ದರೂ ಹೋದವರ ನಮಾಜು ಮಾಡಿಬಿಡಬಹುದು ತಾಯಿ ಎಂದು ಮಸೀದಿಯ ಹಿರಿಯರು ಮನೆಗೇ ಬಂದು ಮೆತ್ತಗೆ ಹೇಳಿದರು, ಅತ್ತೆ ಅವರಿಗೆ ನೀರು ಕೊಟ್ಟು, ಬಾಗಿಲವರೆಗೆ ಬಂದು, ಬಾಗಿಲು ಹಾಕಿಕೊಂಡರು. ಅವರ ದುವಾಕ್ಕೆ ಎರಡು ಸಾಲು. ಅಂಗೈ ಎತ್ತಿ ಮೊದಲು ಇರುವವರು, ಗಟ್ಟಿ ದನಿ, ಆರೋಗ್ಯ ಕೊಡು, ದಾರಿ ತೋರಿಸು, ಆಮೇಲೆ ದನಿ ತಗ್ಗಿಸಿ ಹೋದವರು, ಕ್ಷಮಿಸು, ಬೆಳಕು ಕೊಡು. ಅವನ ಹೆಸರು ಮೊದಲ ಸಾಲಿನ ತಲೆಯಲ್ಲಿ, ಯಾವತ್ತೂ, ಅವನ ಹಿಂದೆ ನಾನು. ಗೋಡೆಯಾಚೆ ಕೂತು ಕೇಳಿಸಿಕೊಳ್ಳುತ್ತಾ ನಾನೂ ಒಮ್ಮೊಮ್ಮೆ ಕದಲುತ್ತೇನೆ, ಯಾರೋ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಹಾಗೆ, ಒದ್ದೆ ಕಾಲು ಒರೆಸಿಕೊಂಡ ಹಾಗೆ, ಹೋಗಿ ಬಾಗಿಲು ತೆರೆದೂ ನೋಡಿದ್ದೇನೆ, ಮೆಟ್ಟಿಲು ಒಣಗಿಯೇ ಇರುತ್ತದೆ. ಈ ಒಂದು ತಿಂಗಳು ಇರಲಿ ಬಿಡು, ಹಬ್ಬ ಆದ ಮೇಲೆ ಹೇಳಿದರಾಯಿತು, ಪೇದೆಗೂ ಹಾಗೇ ಹೇಳುವುದು, ಗುರುತು ಸಿಗಲಿಲ್ಲ ಎಂದು — ಅವನನ್ನು ಆ ಠಾಣೆಯ ಕಪಾಟಿನಲ್ಲಿ ಇಡೀ ರಂಜಾನು ಬಿಟ್ಟು ನಾನು ಹೇಗೆ ನೀರು ಕುಡಿದು ರೋಜಾ ಹಿಡಿಯುವ ನಿಯತ್ತು ಮಾಡಲಿ. ಯಾವ ನಾಲಗೆಯಿಂದ.

ಚಕ್ರ ನಿಲ್ಲಿಸಿದೆ. ಸೆಟ್ಟು ತೊಳೆದೆ, ಒದ್ದೆ ಹತ್ತಿಯಲ್ಲಿ ಸುತ್ತಿದೆ, ಯಜಮಾನರು ಏನೋ ಕೇಳಿದರು, ಏನಿಲ್ಲ ಸಾರ್ ಎಂದೆ, ಬೀದಿಯಲ್ಲಿ ಜನ ಮಾಳಿಗೆಗಳ ಮೇಲೆ, ಕತ್ತು ಎತ್ತಿದ್ದಾರೆ, ಪಡುವಣದ ಕಡೆಗೆ ಬೆರಳು, ಅಲ್ಲಿ, ಆ ತಂತಿಯ ಪಕ್ಕ, ಕಾಣ್ತಾ, ಕಾಣ್ತು ಕಾಣ್ತು, ನಾನು ನೋಡಲಿಲ್ಲ, ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ, ತಪ್ಪಿದ್ರೆ ಮಾಫ್ ಮಾಡಿಬಿಡು ಅಕ್ಕ, ಯಾರೋ ನನ್ನನ್ನೂ ತಬ್ಬಿದರು, ಹತ್ತಿಯ ಗಂಟು ನಮ್ಮಿಬ್ಬರ ನಡುವೆ ಒತ್ತಿತು. ಮನೆಯಲ್ಲಿ ದೀಪ ಹಾಕಿಲ್ಲ. ಅತ್ತೆ ನಮಾಜಿಗೆ ಕೈಕಾಲು ತೊಳೆದು ವಜೂ ಮಾಡಿ ಕೂತಿದ್ದಾರೆ, ಮುಂಗೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿದೆ, ಕೈ ಚಾಚಿದರು, ನಾನು ಸೆಟ್ಟು ಕೊಟ್ಟೆ, ಕೂರಿಸಿಕೊಂಡರು, ಒಮ್ಮೆ ಕಚ್ಚಿದರು, ಸರಿಯಾಗಿದೆಯಾ ಅತ್ತೆ, ಒತ್ತುತ್ತಾ, ಅವರು ನನ್ನ ಮುಖವನ್ನೇ ನೋಡುತ್ತಿದ್ದಾರೆ, ಬಹಳ ಹೊತ್ತು ನೋಡಿದರು, ನಾನು ಸೆರಗು ಸರಿಮಾಡಿಕೊಂಡೆ, ಖರ್ಜೂರದ ಡಬ್ಬಿ ತೆಗೆದೆ, ಮುಚ್ಚಿದೆ, ಅತ್ತೆ, ಒಂದು ಮಾತು — ಬೇಡಮ್ಮಾ, ಪೊಲೀಸಿನವನು ಮೊದಲು ಇಲ್ಲಿಗೇ ಬಂದಿದ್ದ, ಲ್ಯಾಬಿನ ದಾರಿ ಹೇಳಿ ಕಳಿಸಿದ್ದು ನಾನೇ. ತೋರಿಸ್ತೀನಿ ಅಂದ, ನಂಗೆ ಧೈರ್ಯ ಬರಲಿಲ್ಲ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ ಅಂತ ಕಾದೆ. ಗೊತ್ತಾಯ್ತು. ಒಂದೊಂದು ಅಕ್ಷರವೂ ನಿಚ್ಚಳ. ಮತ್ತೆ ಹಲ್ಲು ಯಾಕೆ ಅತ್ತೆ, ಅಷ್ಟು ಅವಸರ ಯಾಕೆ ಮಾಡಿದ್ರಿ, ಬಾಯಿಂದ ಅದೇ ಬಂತು ನನಗೆ. ಅವನ ಹೆಸರು ಹಲ್ಲಿಲ್ಲದೆ ನಿಲ್ಲೋದಿಲ್ಲಮ್ಮಾ, ಬರೀ ಉಸಿರಾಗಿ ಹೋಗುತ್ತೆ, ಇದುವರೆಗೆ ಹೇಗೆ ಹೇಳಿದ್ರೂ ನಡೀತು, ಇರೋರ ಸಾಲಲ್ಲಿ ಇದ್ನಲ್ಲ, ಇವತ್ತು ಅಲ್ಲಿ ಸರಿಯಾಗಿ ಕೇಳಿಸಬೇಕು, ಯಾರ ಮಗ, ಯಾವ ಹೆಸರು, ತಪ್ಪಬಾರದು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು, ಗೋಡೆಯಾಚೆ ಅಲ್ಲ, ಅದೇ ಜಾನಮಾಜಿನ ಮೇಲೆ, ನಮಾಜು ಮುಗಿಯಿತು, ಅಂಗೈ ಎತ್ತಿದರು, ಗಟ್ಟಿ ದನಿ, ಇರುವವರು, ನನ್ನ ಸೊಸೆ ಎಂದರು, ನನ್ನ ಹೆಸರು ಹೇಳಿದರು, ತಲೆಯಲ್ಲಿ ನಾನೇ, ಅವಳಿಗೆ ಆರೋಗ್ಯ ಕೊಡು, ನಾಳೆ ಅಲ್ಲಿಗೆ ನಾವಿಬ್ಬರೂ ಹೋಗ್ತೀವಿ, ಕಾಲಲ್ಲಿ ಬಲ ಕೊಡು, ಆಮೇಲೆ ದನಿ ತಗ್ಗಿತು, ಹೋದವರು, ಅವರ ನಾಲಗೆ ಮೇಲಕ್ಕೆ ಹೋಗಿ ನಾನು ಜೋಡಿಸಿದ ಹಲ್ಲಿನ ಬೆನ್ನಿಗೆ ತಾಗಿತು, ಹೆಸರು ಬಂತು, ಪೂರ್ತಿ, ಒಂದಕ್ಷರವೂ ಸೋರಲಿಲ್ಲ, ಕ್ಷಮಿಸು ಎಂಬುದು ಅದರ ಹಿಂದೆ ಬರಬೇಕು, ಬರುತ್ತಿಲ್ಲ, ಬರೀ ಉಸಿರು, ಬಾಯಿ ತೆರೆದೇ ಇದೆ, ಮಬ್ಬಿನಲ್ಲಿ ಹೊಸ ಹಲ್ಲುಗಳ ಸಾಲು, ಅದರ ಹಿಂದೆ ಕತ್ತಲು, ಅತ್ತೆ, ತೆರೆದ ಬಾಯಿ, ಅತ್ತೆ, ನನ್ನ ಕೈಯಿಂದ ಉಜ್ಜಿದ ಆ ಹಲ್ಲುಗಳು, ತೆರೆದ ಬಾಯಿ