ಕಿವಿಗೆ ಮುಟ್ಟದ ಕೈ

ಬೆಳ್ಳಟ್ಟಿಯ ತಿರಕಪ್ಪನ ಹತ್ತಿರ ಯಾರೂ ಕಸಿಯಲಾಗದ ಆಸ್ತಿ ಒಂದೇ ಇತ್ತು: ತಾನು ಪುಂಡಲೀಕಪ್ಪನ ಅಣ್ಣ ಎಂಬುದು. ಹೊಲ ಸರಿಪಾಲಾಗಿತ್ತು, ಮನೆಯ ನಡುವೆ ಗೋಡೆ ಎದ್ದಿತ್ತು, ಅಣ್ಣತನ ಮಾತ್ರ ಇಡಿಯಾಗಿ ಇವನ ಕಡೆಗೇ ಉಳಿದಿತ್ತು. ದಸರೆಯ ಸಂಜೆ ತಮ್ಮ ಬನ್ನಿ ಎಲೆ ಹಿಡಿದು ಬಂದು ಕಾಲು ಮುಟ್ಟಬೇಕು, ತಾನು "ಇರ್ಲಿ, ಇರ್ಲಿ, ಏಳೋ" ಎನ್ನಬೇಕು. ಆ ಒಂದು "ಇರ್ಲಿ"ಯನ್ನು ತಿರಕಪ್ಪ ವರ್ಷಪೂರ್ತಿ ಉಪ್ಪಿನಕಾಯಿಯ ಹಾಗೆ ಊರಿಸಿ ಇಟ್ಟುಕೊಳ್ಳುತ್ತಾನೆಂದು ಊರವರ ಚೇಷ್ಟೆ.

ಈ ಆಸ್ತಿಗೆ ಕುತ್ತು ಬಂದದ್ದು ಮೊಬೈಲಿನಿಂದ. ಪುಂಡಲೀಕಪ್ಪನ ಮಗಳು ರೇಷ್ಮಾ ಗದಗಿನ ಕಾಲೇಜಿಗೆ ಹೋಗುವವಳು. ಅವಳ ಮೊಬೈಲಿನಲ್ಲಿ ಒಂದು ಲೆಕ್ಕದ ಯಂತ್ರವಿತ್ತು. ಏನೇ ಕೇಳಿದರೂ ನೂರೆಂಟು ಕಡೆ ತೋರಿಸಿ ತಲೆ ತಿನ್ನದೆ, ತಾನೇ ಲೆಕ್ಕ ಹಾಕಿ ಒಂದೇ ಉತ್ತರ ಕೊಟ್ಟು ಸುಮ್ಮನಾಗುವಂಥದ್ದು. ಅವಳು ಬಸ್ಸಿಗೆ ಕಾಯುತ್ತಿದ್ದುದು ಇಲಿಯಾಸನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ. ಅಲ್ಲಿ ಕೂರುವ ಹಿರಿಯರು ಆ ಯಂತ್ರವನ್ನು ಪರೀಕ್ಷೆಗೆ ಹಚ್ಚಿದರು. ಎತ್ತಿನ ಗಾಡಿ ಹೂಡಿದರೆ ಚಂದ್ರನ ಊರಿಗೆ ಎಷ್ಟು ದಿನದ ದಾರಿ? ಒಂದು ಆನೆಯ ತೂಕಕ್ಕೆ ಎಷ್ಟು ಚೀಲ ಮೆಣಸಿನಕಾಯಿ? ಯಂತ್ರ ಒಂದಕ್ಕೂ ನಗದೆ ಉತ್ತರ ಕೊಟ್ಟಿತು. ನಗದೆ ಹೇಳಿದವರ ಮಾತನ್ನು ಬೆಳ್ಳಟ್ಟಿ ಮೊದಲಿನಿಂದಲೂ ನಂಬುವ ಊರು. "ಅದು ಹೇಳ್ತು ಅಂದ್ರ ಮುಗೀತು" ಎಂಬುದು ಮನೆಮನೆಯ ಮಾತಾಯಿತು.

ದಸರೆ ಹತ್ತಿರ ಬಂದಾಗ ತಿರಕಪ್ಪ, ಯಾರೂ ಕೇಳದೆ, ಇರಲಾರದೆ ಇರುವೆ ಬಿಟ್ಟುಕೊಂಡ.

"ರೇಷ್ಮಾ, ನಾ ನಿಮ್ಮಪ್ಪಗಿಂತ ಎಷ್ಟು ದೊಡ್ಡಾಂವ ಅದೀನಿ ಕೇಳು. ನಾಕ ಮಂದಿಗೂ ಗೊತ್ತಾಗ್ಲಿ."

ಅವಳು ಇಬ್ಬರ ಆಧಾರ್ ಕಾರ್ಡಿನಲ್ಲಿದ್ದ ಹುಟ್ಟಿದ ದಿನ ಒತ್ತಿದಳು. ಒತ್ತಿದವಳೇ ತುಟಿ ಕಚ್ಚಿಕೊಂಡಳು.

"ದೊಡ್ಡಪ್ಪಾ, ನಮ್ಮಪ್ಪನ ಒಂದ ವರ್ಷ ದೊಡ್ಡಾಂವ ಅಂತ ತೋರಸಾಕತ್ತೈತಿ."

ತಪ್ಪು ಯಂತ್ರದ್ದಲ್ಲ, ತಿರಕಪ್ಪನ ತಲೆಯದು. ಅವರ ಕಾಲದಲ್ಲಿ ಹುಟ್ಟಿದ ದಿನ ಯಾರ ಮನೆಯಲ್ಲೂ ಬರೆದಿರುತ್ತಿರಲಿಲ್ಲ. ಶಾಲೆಗೆ ಹೋದರೆ ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ತುಂಬಿತು, ಜೂನ್ ಒಂದಕ್ಕೆ ಹುಟ್ಟಿದವನೆಂದು ಬರೆದುಕೊಂಡು ಒಳಗೆ ಕೂರಿಸುತ್ತಿದ್ದರು. ತಿರಕಪ್ಪನದು ಗಡಿಗೆಯಂಥ ತಲೆ, ಗಿಡ್ಡ ಕೈ. ಎಷ್ಟು ಸಲ ಕರೆದುಕೊಂಡು ಹೋದರೂ ಮುಟ್ಟಲಿಲ್ಲ. ಕೊನೆಗೊಮ್ಮೆ ಅವನ ಬೆನ್ನು ಹತ್ತಿ ಬಂದಿದ್ದ ತಮ್ಮ ಆಟಕ್ಕೆಂದು ಕೈ ಎತ್ತಿದ. ಅದು ಕಿವಿ ದಾಟಿ ಕೆನ್ನೆಗೇ ಬಂತು. ತಮ್ಮನನ್ನು ಒಳಗೆ ಕೂರಿಸಿದರು, ಅಣ್ಣ ಅಳುತ್ತ ಮನೆಗೆ ಬಂದ. ಅವನ ಕೈ ಕಿವಿಗೆ ಮುಟ್ಟಿದ್ದು ಮರುವರ್ಷ.

ಇದನ್ನೆಲ್ಲ ಬಲ್ಲ ಊರೇ ಈಗ ಬಲ್ಲೆನೆನ್ನಲಿಲ್ಲ. "ತಿರಕಪ್ಪಣ್ಣಾ, ಹಬ್ಬದ ಅಂಗಿ ಒಂದಳತಿ ಸಣ್ಣ ಮಾಡ್ಲೇನ್ರಿ?" ಎಂದ ಇಲಿಯಾಸ. ಮರುದಿನ ರೇಷ್ಮಾಳ ಬಾಯಿಂದ "ಕಾಕಾ" ಎಂದು ಬಂದುಬಿಟ್ಟಿತು. ಅಪ್ಪನ ತಮ್ಮನಿಗೆ ಅನ್ನುವ ಮಾತು! ಅವಳು ನಾಲಿಗೆ ಕಚ್ಚಿಕೊಂಡಳು, ಆದರೆ ಆಡಿದ ಮಾತು ಆಡಿ ಆಗಿತ್ತು. ಪುಂಡಲೀಕಪ್ಪನಂತೂ ಗೋಡೆಯಾಚೆಯಿಂದ ಎಲ್ಲರಿಗೂ ಕೇಳುವಂತೆ ಸಾರಿದ: "ಈ ಸಲ ಬನ್ನಿಗೆ ನಾ ಎಲ್ಲೂ ಬರಂಗಿಲ್ಲ. ಸಣ್ಣಾಂವ ಯಾರದಾನೋ ಅಂವ ಬರ್ಲಿ."

ತಿರಕಪ್ಪನಿಗೆ ನಿಜಕ್ಕೂ ದುಃಖವಾಗಿತ್ತು. ಅಣ್ಣನಲ್ಲದಿದ್ದರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿಕೊಂಡು, ಕನ್ನಡಿಯ ಮುಂದೆ ನಿಂತು, ಬಲಗೈ ಎತ್ತಿ ನೆತ್ತಿಯ ಮೇಲೆ ಹಾಯಿಸಿ ನೋಡಿದ. ಭುಜ ಹಿಡಿದುಕೊಂಡಿತ್ತು. ಕೈ ನೆತ್ತಿಯಲ್ಲೇ ನಿಂತಿತು.

ದಸರೆಯ ಸಂಜೆ ಇಬ್ಬರೂ ಹೊಸ ಅಂಗಿ ತೊಟ್ಟು ತಮ್ಮ ತಮ್ಮ ಕಟ್ಟೆಯ ಮೇಲೆ ಕೂತರು. ಬನ್ನಿ ಹಿಡಿದು ಬಂದ ಮಂದಿ ಮೊದಲು ಯಾವ ಕಟ್ಟೆಗೆ ಹೋಗಬೇಕೆಂದು ತಿಳಿಯದೆ ಓಣಿಯ ನಡುವೆಯೇ ನಿಂತರು. ಆಗ ಅವರ ತಾಯಿ ಹುಚ್ಚವ್ವ ಮೊಮ್ಮಗಳ ಮುಂದೆ ತನ್ನ ಕಾರ್ಡು ಹಿಡಿದಳು.

"ನಂದೂ ಕೇಳವ್ವಾ."

ಹುಚ್ಚವ್ವನ ತಲೆಗೂದಲು ಎಂಬತ್ತರಲ್ಲೂ ಕಪ್ಪು. ಕಾರ್ಡು ಮಾಡಿಸುವಾಗ ಅವಳು ವಯಸ್ಸು ಗೊತ್ತಿಲ್ಲವೆಂದಿದ್ದಳು, ಬರೆಯುವವನು ಅವಳ ತಲೆ ನೋಡಿ ತನಗೆ ತೋಚಿದ ವರ್ಷದ ಜನವರಿ ಒಂದು ಎಂದು ಬರೆದಿದ್ದ. ಯಂತ್ರ ಲೆಕ್ಕ ಹಾಕಿತು. ರೇಷ್ಮಾ ಸಣ್ಣ ದನಿಯಲ್ಲಿ ಓದಿದಳು. ಮುದುಕಿ ಕೇಳಿಸಿಕೊಂಡು, ಬನ್ನಿ ಎಲೆ ಹಿಡಿದು, ನೆಟ್ಟಗೆ ಪುಂಡಲೀಕಪ್ಪನ ಮುಂದೆ ಹೋಗಿ ಸೊಂಟ ಬಗ್ಗಿಸತೊಡಗಿದಳು.

ಅವನು ಹಾವು ತುಳಿದವನಂತೆ ಹಾರಿ ಕಾಲು ಮೇಲಕ್ಕೆ ಎತ್ತಿಕೊಂಡ. "ಯವ್ವಾ! ಏನ ಮಾಡಾಕತ್ತೀಯವ್ವಾ?"

"ಕಾಲು ಕೆಳಗ ಬಿಡಪ್ಪಾ. ನೀ ನನಗಿಂತ ಏಳು ತಿಂಗಳ ದೊಡ್ಡಾಂವಂತ. ತಿರಕ್ಯಾಗಿಂತ ನಾನು ಐದು ತಿಂಗಳ ದೊಡ್ಡಾಕಿ. ಐದು ತಿಂಗಳ ಕೂಸು ಅವನ್ನ ಹೆಂಗ ಹಡದಿರಬೇಕು, ಅದನ್ನೂ ಕೇಳು ರೇಷ್ಮಾ."

ರೇಷ್ಮಾ ಅದನ್ನೂ ಒತ್ತಿದಳು. "ಮಾಹಿತಿ ಸಾಲದು ಅಂತೈತಿ, ಅಜ್ಜಿ."

"ಸಾಲದಿದ್ರ ಸಾಲದು. ಕಾಲು ಬಿಡೋ!" ಎಂದು ಮುದುಕಿ ಮತ್ತೆ ಬಗ್ಗಿದಳು.

ಇದನ್ನು ತಿರಕಪ್ಪನಿಂದ ನೋಡಲಾಗಲಿಲ್ಲ. ತನ್ನ ಕಟ್ಟೆ ಇಳಿದು ಓಡಿ ಬಂದ. "ಯವ್ವಾ, ನೀ ಬಗ್ಗಬ್ಯಾಡ. ನಾನ ಬಗ್ತೀನಿ, ನಾನ ಸಣ್ಣಾಂವ, ಆತಿಲ್ಲೋ?" ಎಂದವನೇ ಬನ್ನಿ ಹಿಡಿದು ತಮ್ಮನ ಕಾಲಿನ ಕಡೆ ಬಾಗಿದ.

ಪುಂಡಲೀಕಪ್ಪ ಕಟ್ಟೆಯಿಂದ ಕೆಳಗಿಳಿದು ಅಣ್ಣನ ಬಲಗೈ ಹಿಡಿದ. ಆ ಕೈಯನ್ನು ನಿಧಾನ ಮೇಲಕ್ಕೆ ಎತ್ತಿದ. "ಅಯ್ಯಯ್ಯೋ, ಭುಜಾ!" ಎಂದು ತಿರಕಪ್ಪ ಕೂಗಿಕೊಂಡ. ತಮ್ಮ ಬಿಡಲಿಲ್ಲ. ಇನ್ನೊಂದು ಕೈಯಿಂದ ಭುಜವನ್ನು ನೀವುತ್ತ, ನೆತ್ತಿಯ ಮೇಲೆ ಹಾಯಿಸಿ, ಆ ದೊಡ್ಡ ತಲೆಯನ್ನು ತುಸು ಬಾಗಿಸಿ, ಬೆರಳನ್ನು ಎಡಗಿವಿಗೆ ಮುಟ್ಟಿಸಿದ.

"ಮುಟ್ಟಿತು ನೋಡ್ರಿ ಎಲ್ಲಾರೂ," ಎಂದು ಓಣಿಗೆ ಹೇಳಿದ. ಆಮೇಲೆ ಬಗ್ಗಿ ಕಾಲು ಮುಟ್ಟಿದ. "ಅವತ್ತ ನಾ ಕೈ ಎತ್ತಬಾರದಿತ್ತೋ ಅಣ್ಣಾ."

ತಿರಕಪ್ಪ ನೆತ್ತಿಯ ಮೇಲಿನ ಕೈ ಇಳಿಸದೆ, ಕಿವಿ ಹಿಡಿದುಕೊಂಡೇ ನಿಂತಿದ್ದ. ವರ್ಷಪೂರ್ತಿ ಊರಿಸಿ ಇಟ್ಟಿದ್ದ "ಇರ್ಲಿ" ಬಾಯಿಗೆ ಬರಲೇ ಇಲ್ಲ. ಅವನು ಅಳುತ್ತಿದ್ದ.